ಸ್ವಾರಸ್ಯಕ್ಕೆ ಒಂದು ಅಂಕ

ಸಾಹಿತ್ಯದ ಬಗ್ಗೆ ಬರೆಯುವುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕೆಂಬ ಮಾತು ಬಂದಾಗಲೆಲ್ಲ ಈಗ ಬೆಂಗಳೂರಿನ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳ ಕಡೆಗೆ ಬೆರಳು ತೋರಿಸುವುದು ವಾಡಿಕೆಯಾಗಿದೆ. ಅಲ್ಲಿ ಆರನೆಯ, ಏಳನೆಯ ತರಗತಿಯ ಮಕ್ಕಳು ಕಥೆಯೊಂದನ್ನು ಓದಿ ಐದು ಪ್ಯಾರಾಗಳ ‘ಲಿಟರರಿ ಎಸ್ಸೆ’ ಬರೆಯುತ್ತಾರೆ. ಮೊದಲ ಪ್ಯಾರಾದಲ್ಲಿ ಒಂದು ವಾದ, ನಡುವಿನ ಮೂರರಲ್ಲಿ ಮೂರು ಕಾರಣ, ಪ್ರತಿ ಕಾರಣಕ್ಕೂ ಕಥೆಯಿಂದ ಎತ್ತಿಕೊಂಡ ಒಂದು ಸಾಕ್ಷ್ಯ, ಕೊನೆಯಲ್ಲಿ ಮೊದಲು ಹೇಳಿದ್ದನ್ನೇ ಮತ್ತೊಮ್ಮೆ ಹೇಳುವುದು. ಶಿಕ್ಷಕರಿಗೆ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳು, ಶಿಕ್ಷಣದ ಬಗ್ಗೆ ಅಂಕಣ ಬರೆಯುವವರು ಇದನ್ನು ಕಂಡು ನಮ್ಮ ಕನ್ನಡ ಮಕ್ಕಳಿಗೂ ಇದು ಬರಬೇಕೆನ್ನುತ್ತಾರೆ. ಜೊತೆಗೇ, ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯನ್ನು ಬಾಯಿಪಾಠದ ಪಳೆಯುಳಿಕೆಯೆಂದು ತಳ್ಳಿಹಾಕುತ್ತಾರೆ.

ಈ ಎರಡು ತೀರ್ಮಾನಗಳನ್ನೂ ನಾನು ಒಪ್ಪುವುದಿಲ್ಲ. ಹನ್ನೊಂದು ಹದಿಮೂರರ ವಯಸ್ಸಿನ ಮಗುವಿಗೆ ಸಾಹಿತ್ಯದ ಬಗ್ಗೆ ಬರೆಯಲು ಕಲಿಸುವುದಕ್ಕೆ ನಮ್ಮಲ್ಲಿರುವ ಸಾಧನಗಳಲ್ಲಿ ಅತ್ಯುತ್ತಮವಾದದ್ದು ಆ ಸಂದರ್ಭದ ಪ್ರಶ್ನೆಯೇ. ಅದನ್ನು ಕೆಡಿಸಿಕೊಂಡವರು ನಾವು. ಐದು ಪ್ಯಾರಾದ ಪ್ರಬಂಧಕ್ಕೆ ಸಿಕ್ಕಿರುವ ಮರ್ಯಾದೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ಅದು ಬಂದ ಊರಿಗೆ ಸಲ್ಲುತ್ತಿರುವ ಮರ್ಯಾದೆ.

ಆ ಪ್ರಬಂಧಕ್ಕೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಒಂದು ಪುಟವನ್ನು ಹೇಗೆ ತುಂಬಿಸುವುದೆಂದು ತಿಳಿಯದೆ ಕಂಗಾಲಾಗುವ ಮಗುವಿಗೆ ಅದು ಹಿಡಿದು ನಡೆಯಲು ಒಂದು ಹಗ್ಗ ಕೊಡುತ್ತದೆ. ಹೇಳಿದ ಮಾತಿಗೆ ಆಧಾರ ಕೊಡಬೇಕು ಎಂಬ ಅಭ್ಯಾಸವನ್ನೂ ಬೆಳೆಸುತ್ತದೆ. ಅಮೆರಿಕದ ಶಾಲೆಗಳಲ್ಲಿ ಈ ಕಟ್ಟು ಬಹಳ ಹಳೆಯದು. ಲೂಸಿ ಕಾಲ್ಕಿನ್ಸ್ ಮತ್ತು ಅವರ ಸಂಗಡಿಗರ ‘ಯೂನಿಟ್ಸ್ ಆಫ್ ಸ್ಟಡಿ’ ಎಂಬ ಪಠ್ಯಕ್ರಮ ಅದನ್ನು ಇನ್ನಷ್ಟು ಸರಳಗೊಳಿಸಿ, ಪೆಟ್ಟಿಗೆಯೊಂದರಲ್ಲಿ ವಾದ, ಅದರ ಕೆಳಗೆ ಚುಕ್ಕೆಗಳ ಸಾಲಿನಲ್ಲಿ ಕಾರಣ ಎಂಬ ರೂಪದಲ್ಲಿ ಲಕ್ಷಾಂತರ ತರಗತಿಗಳಿಗೆ ತಲುಪಿಸಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು 2023ರಲ್ಲಿ ಕಾಲ್ಕಿನ್ಸ್ ಅವರ ಯೋಜನೆಯನ್ನು ವಿಸರ್ಜಿಸಿತು. ಅದರ ಹಿಂದಿದ್ದ ಜಗಳ ಪುಟ್ಟ ಮಕ್ಕಳಿಗೆ ಓದು ಕಲಿಸುವ ವಿಧಾನದ್ದು, ಪ್ರಬಂಧದ್ದಲ್ಲ. ಹಾಗಾಗಿ ಆ ಸುದ್ದಿಯನ್ನು ನನ್ನ ವಾದಕ್ಕೆ ಎಳೆದುಕೊಳ್ಳುವುದಿಲ್ಲ. ನನ್ನ ತಕರಾರು ಬೇರೆ. ಈ ಕಟ್ಟಿನಲ್ಲಿ ವಾದ ಮೊದಲು, ಓದು ಆಮೇಲೆ. ಕೃತಿಯ ಬಗ್ಗೆ ಏನು ಹೇಳಬೇಕೆಂದು ನಿಶ್ಚಯಿಸಿಕೊಂಡ ಮೇಲೆ ಮಗು ಪುಟ ತಿರುವಿ ಸಾಕ್ಷ್ಯ ಹುಡುಕುತ್ತದೆ. ವಾದಕ್ಕೆ ಒಗ್ಗುವುದು ಸಿಗುತ್ತದೆ, ಒಗ್ಗದಿರುವುದು ಕಣ್ಣಿಗೇ ಬೀಳುವುದಿಲ್ಲ.

ಒಂದು ಪದ್ಯವನ್ನು ಮುಂದಿಟ್ಟುಕೊಂಡು ನೋಡೋಣ. ಕನ್ನಡದಲ್ಲಿ ಓದು ಬಲ್ಲ ಎಲ್ಲರಿಗೂ ಗೊತ್ತಿರುವ ‘ಗೋವಿನ ಹಾಡು’ ಇರಲಿ. ಕಾಳಿಂಗನೆಂಬ ಗೊಲ್ಲ, ಪುಣ್ಯಕೋಟಿ ಎಂಬ ಹಸು, ಹಸಿದ ಹುಲಿ, ಕೊಟ್ಟ ಮಾತು, ದೊಡ್ಡಿಗೆ ಹೋಗಿ ಕರುವಿಗೆ ಹಾಲೂಡಿಸಿ ಮರಳಿ ಬಂದ ತಾಯಿ, ಕೊನೆಗೆ ಪ್ರಾಣ ಬಿಟ್ಟ ಹುಲಿ. ಇದರ ಮೇಲೆ ಐದು ಪ್ಯಾರಾ ಬರೆಯಲು ಹೇಳಿದರೆ ಏಳನೆಯ ತರಗತಿಯ ಜಾಣ ಮಗು ಏನು ಬರೆಯುತ್ತದೆ? ವಾದ: ಪುಣ್ಯಕೋಟಿ ಸತ್ಯವಂತೆ. ಕಾರಣಗಳು: ಅವಳು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿದ್ದರೂ ತಪ್ಪಿಸಿಕೊಳ್ಳಲಿಲ್ಲ, ಕರುವಿನ ಮೋಹ ಅವಳನ್ನು ಹಿಡಿದು ನಿಲ್ಲಿಸಲಿಲ್ಲ, ಅವಳ ಸತ್ಯಕ್ಕೆ ಹುಲಿಯೂ ಸೋತಿತು. ಮೂರಕ್ಕೂ ಪದ್ಯದಿಂದ ಸಾಲುಗಳು ಸಿಗುತ್ತವೆ. ಮುಕ್ತಾಯ: ನಾವೂ ಸತ್ಯವನ್ನೇ ನುಡಿಯಬೇಕು. ಪ್ರಬಂಧ ಅಚ್ಚುಕಟ್ಟಾಗಿದೆ, ಪೂರ್ಣ ಅಂಕಕ್ಕೆ ಅರ್ಹವಾಗಿದೆ. ಆದರೆ ಪದ್ಯವನ್ನು ಓದದೆ, ಅಜ್ಜಿಯ ಬಾಯಿಂದ ಕಥೆ ಕೇಳಿದ ಮಗುವೂ ಇದನ್ನು ಬರೆಯಬಲ್ಲದು. ಪದ್ಯ ಓದಿದ್ದರಿಂದ ಬಂದದ್ದು ಇದರಲ್ಲಿ ಏನೂ ಇಲ್ಲ.

ಈಗ ಅದೇ ಪದ್ಯದ ಒಂದೇ ಒಂದು ಜಾಗಕ್ಕೆ ಬನ್ನಿ. ಹುಲಿಯ ಬಳಿಗೆ ಮರಳುವ ಮೊದಲು ಪುಣ್ಯಕೋಟಿ ದೊಡ್ಡಿಯ ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುತ್ತಾಳೆ. ಒಪ್ಪಿಸುವಾಗ ಏನು ಕೇಳಿಕೊಳ್ಳುತ್ತಾಳೆ? ಕರು ಎದುರಿಗೆ ಸುಳಿದರೆ ಕೊಂಬು ತಾಗಿಸದಿರಿ, ಹಿಂದಕ್ಕೆ ಬಂದು ನಿಂತರೆ ಕಾಲು ಬೀಸದಿರಿ, ನಿಮ್ಮದೇ ಎಂದುಕೊಳ್ಳಿ ಎನ್ನುತ್ತಾಳೆ. ಈ ಮಾತು ಯಾಕೆ ಬೇಕಾಯಿತು? ಕೊಟ್ಟಿಗೆಯಿರುವ ಮನೆಯ ಮಗುವಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಬೇರೆ ಹಸುವಿನ ಕರು ಕೆಚ್ಚಲಿಗೆ ಬಾಯಿ ಹಾಕಲು ಬಂದರೆ ಹಸು ಹಾಯುತ್ತದೆ, ಒದೆಯುತ್ತದೆ. ಹಾಡು ಕಟ್ಟಿದವರಿಗೆ ದನಗಳ ನಡವಳಿಕೆ ಗೊತ್ತಿತ್ತು. ತಬ್ಬಲಿ ಕರುವಿನ ನಾಳೆಯ ಬಾಳು ಹೇಗಿರುತ್ತದೆಂದು ಅವರು ಕಣ್ಣೀರಿನ ಮಾತುಗಳಲ್ಲಿ ಹೇಳದೆ ಕೊಂಬಿನಲ್ಲಿ, ಗೊರಸಿನಲ್ಲಿ ಹೇಳಿದರು.

ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಮತ್ತೊಂದು ಕಾಣುತ್ತದೆ. ಅದಕ್ಕೆ ಸ್ವಲ್ಪ ಮೊದಲು ಕರು ತಾಯಿಯನ್ನು ಕೇಳಿತ್ತು: ಇನ್ನು ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ ಎಂದು. ಕರುವಿನ ಕೇಳಿಕೆ ಹಾಲಿನದು, ಮೈಬಿಸಿಯದು. ತಾಯಿ ಹಸುಗಳಲ್ಲಿ ಬೇಡುವುದು ಅದಕ್ಕಿಂತ ಕಡಿಮೆಯದನ್ನು. ನನ್ನ ಕರುವಿಗೆ ಹಾಲು ಕೊಡಿ ಎಂದು ಅವಳು ಬಾಯಿಬಿಟ್ಟು ಕೇಳುವುದಿಲ್ಲ, ಮೊದಲು ನೋಯಿಸಬೇಡಿ ಎಂದಷ್ಟೇ ಕೇಳುತ್ತಾಳೆ. ಬೇರೆಯವರಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬ ಅಂದಾಜು ಅವಳಿಗಿದೆ. ಹುಲಿಯ ಬಾಯಿಗೆ ಹೋಗುವುದಕ್ಕಿಂತ ಈ ಅಂದಾಜು ಹೆಚ್ಚು ನೋವಿನದು. ‘ನಿಮ್ಮದೇ ಎಂದುಕೊಳ್ಳಿ’ ಎಂಬ ದೊಡ್ಡ ಬೇಡಿಕೆ ಬರುವುದು ಆ ಎರಡು ಸಣ್ಣ ಬೇಡಿಕೆಗಳ ನಂತರ. ಆ ಅನುಕ್ರಮವನ್ನು ತಿರುಗುಮುರುಗು ಮಾಡಿ ನೋಡಿ, ಹೆದರುತ್ತ ಹೆದರುತ್ತ ಕೇಳುವ ತಾಯಿಯ ದನಿ ಅಲ್ಲಿ ಉಳಿಯುವುದಿಲ್ಲ.

ಇಷ್ಟನ್ನು ಹನ್ನೆರಡು ವರ್ಷದ ಮಗು ಕಾಣಬಲ್ಲದೇ ಎಂದು ಕೇಳಬಹುದು. ಕೊಂಬು, ಒದೆತದ ಮಾತನ್ನು ಖಂಡಿತ ಕಾಣುತ್ತದೆ, ದನ ಕಟ್ಟುವ ಮನೆಯ ಮಗು ಮೇಷ್ಟರಿಗಿಂತ ಮೊದಲು ಕಾಣುತ್ತದೆ. ಕರುವಿನ ಪ್ರಶ್ನೆಗೂ ತಾಯಿಯ ಬೇಡಿಕೆಗೂ ಇರುವ ಅಂತರವನ್ನು ಎರಡು ಜಾಗಗಳನ್ನೂ ಒಟ್ಟಿಗೆ ಓದಿಸಿದರೆ ಕಾಣುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಐದು ಪ್ಯಾರಾದ ಕಟ್ಟಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ ಎಂಬುದು. ‘ಪುಣ್ಯಕೋಟಿ ಸತ್ಯವಂತೆ’ ಎಂಬ ವಾದಕ್ಕೆ ಕೊಂಬಿನ ಮಾತು ಸಾಕ್ಷ್ಯವಾಗುವುದಿಲ್ಲವಾದ್ದರಿಂದ ಅದು ಹೊರಗುಳಿಯಿತು. ಪದ್ಯದ ಅತ್ಯಂತ ಜೀವಂತ ಜಾಗ ಹೊರಗುಳಿದ ಪ್ರಬಂಧಕ್ಕೆ ನಾವು ಪೂರ್ಣ ಅಂಕ ಕೊಟ್ಟೆವು.

‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆ ಮಗುವನ್ನು ಇಂಥ ಜಾಗಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ಇಡೀ ಪಾಠವನ್ನು ಬಿಟ್ಟು ಒಂದು ವಾಕ್ಯವನ್ನು ಕೈಗಿಡುತ್ತದೆ. ಇದನ್ನು ಯಾರು, ಯಾರಿಗೆ, ಯಾವಾಗ ಹೇಳಿದರು, ಇದರಲ್ಲಿ ಸವಿಯುವಂಥದ್ದು ಏನಿದೆ ಎಂದು ಕೇಳುತ್ತದೆ. ವಿಶ್ವವಿದ್ಯಾಲಯಗಳು ನಿಕಟ ಓದು ಎಂದು ಕರೆದು ಎಂ.ಎ. ತರಗತಿಯಲ್ಲಿ ಕಲಿಸುವುದು ಇದನ್ನೇ. ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನ ವಿದ್ಯಾರ್ಥಿಗಳಿಗೆ ಕವಿಯ ಹೆಸರು, ಕಾಲ ಯಾವುದನ್ನೂ ತಿಳಿಸದೆ ಪದ್ಯಗಳನ್ನು ಕೊಟ್ಟು, ಅವರು ಬರೆದದ್ದನ್ನು ಒಟ್ಟುಮಾಡಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದರು. ಓದುಗರು ಎಡವುವ ಜಾಗಗಳಲ್ಲಿ ಅವರು ಗುರುತಿಸಿದ ಮುಖ್ಯವಾದದ್ದೊಂದು ಸಿದ್ಧ ಪ್ರತಿಕ್ರಿಯೆ: ಮುಂದಿರುವ ಪದ್ಯಕ್ಕೆ ಸ್ಪಂದಿಸದೆ, ಇಂಥ ವಿಷಯಕ್ಕೆ ಇಂಥ ಭಾವ ಎಂದು ಮೊದಲೇ ಒಳಗೆ ಶೇಖರಿಸಿಟ್ಟುಕೊಂಡದ್ದನ್ನು ಹೊರಗೆ ಹಾಕುವುದು. ಹಸು ಎಂದರೆ ಸತ್ಯ, ತಾಯಿ ಎಂದರೆ ತ್ಯಾಗ ಎಂದು ನಮ್ಮ ಮಕ್ಕಳು ಬರೆಯುವುದು ಅದೇ ರೋಗ. ರಿಚರ್ಡ್ಸ್ ಕಂಡದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ. ನಾವು ಅದನ್ನು ಆರನೆಯ ತರಗತಿಯಲ್ಲೇ ಅಂಟಿಸುತ್ತಿದ್ದೇವೆ.

ಅಂಟಿಸುತ್ತಿರುವುದು ಹೇಗೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈ ಪ್ರಶ್ನೆಯನ್ನು ಹೀಗಳೆಯುವವರು ಅದರ ಈಗಿನ ಸ್ಥಿತಿಯನ್ನು ನೋಡಿ ಹೀಗಳೆಯುತ್ತಿದ್ದಾರೆ. ಉತ್ತರ ಬರೆಯುವ ಕ್ರಮ ಮೂರು ಭಾಗದ್ದು. ಮೊದಲನೆಯದು ಆಯ್ಕೆ: ಈ ವಾಕ್ಯವನ್ನು ಇಂಥವರು ಬರೆದ ಇಂಥ ಕೃತಿಯಿಂದ ಆಯ್ದ ಇಂಥ ಪಾಠದಿಂದ ಆರಿಸಲಾಗಿದೆ. ಎರಡನೆಯದು ಸಂದರ್ಭ: ಇಂಥವರು ಇಂಥವರಿಗೆ ಹೇಳುವಾಗ ಈ ಮಾತು ಬಂದಿದೆ. ಮೂರನೆಯದು ಸ್ವಾರಸ್ಯ. ಮೂರು ಅಂಕದ ಪ್ರಶ್ನೆಯಾದರೆ ಸಾಮಾನ್ಯವಾಗಿ ಭಾಗಕ್ಕೊಂದು ಅಂಕ. ಅಂದರೆ ನೆನಪಿಗೆ ಎರಡು, ಯೋಚನೆಗೆ ಒಂದು. ಆ ಒಂದು ಅಂಕವನ್ನೂ ಮಗು ಹೇಗೆ ಗಳಿಸುತ್ತದೆಂದು ಉತ್ತರಪತ್ರಿಕೆ ತಿದ್ದಿದ ಯಾರನ್ನಾದರೂ ಕೇಳಿ. ವಾಕ್ಯದ ಅರ್ಥವನ್ನೇ ಸ್ವಲ್ಪ ಉದ್ದಮಾಡಿ ಬರೆದು, ಕೊನೆಗೆ ‘ಎಂಬುದು ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಎಂದು ಸೇರಿಸಿದರೆ ಅಂಕ ಬೀಳುತ್ತದೆ. ಸ್ವಾರಸ್ಯ ಏನೆಂದು ಕೇಳಿದ್ದಕ್ಕೆ ಸ್ವಾರಸ್ಯ ಇದೆ ಎಂದು ಉತ್ತರ. ಗೈಡುಗಳಲ್ಲಿ ಹೀಗೆಯೇ ಇದೆ, ಬೋರ್ಡಿನ ಮೇಲೆ ಹೀಗೆಯೇ ಬರೆಸುತ್ತಾರೆ, ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರವೂ ಇದಕ್ಕಿಂತ ದೂರ ಹೋಗುವುದಿಲ್ಲ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ 125 ಪ್ರಥಮ ಭಾಷೆಯದು. ಅಷ್ಟು ತೂಕದ ವಿಷಯಕ್ಕೆ ಮಗುವನ್ನು ಆರನೆಯ ತರಗತಿಯಿಂದಲೇ ತಯಾರು ಮಾಡುತ್ತಾರಾದ್ದರಿಂದ ಮಾಧ್ಯಮಿಕ ಹಂತದ ಬರವಣಿಗೆ ಪೂರ್ತಿ ಈ ಅಚ್ಚಿನಲ್ಲೇ ಎರಕವಾಗುತ್ತದೆ.

ಗೋವಿನ ಹಾಡಿಗೆ ಬಂದಾಗ ಆಯ್ಕೆಯ ಭಾಗ ಎಷ್ಟು ಹುಸಿ ಎಂಬುದು ತಾನಾಗಿ ಬಯಲಾಗುತ್ತದೆ. ಆ ಹಾಡು ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಮಗು ‘ಜನಪದ ಕವಿ’ ಎಂದು ಬರೆದು ಅಂಕ ಪಡೆಯುತ್ತದೆ, ಪಡೆಯಲಿ. ಆದರೆ ಕವಿಯ ಹೆಸರು, ಕಾಲ, ಸ್ಥಳ, ಬಿರುದು, ಪ್ರಶಸ್ತಿ ಯಾವುದೂ ಇಲ್ಲದೆಯೂ ಈ ಪದ್ಯದ ಬಗ್ಗೆ ಬರೆಯಲು ಬೇಕಾದದ್ದೆಲ್ಲ ಮಗುವಿನ ಮುಂದಿದೆ ಎಂಬುದನ್ನು ನಾವು ಯಾಕೆ ಗಮನಿಸಲಿಲ್ಲ?

ಇದಕ್ಕಿಂತ ಗಂಭೀರವಾದ ತಪ್ಪು ಪಠ್ಯಪುಸ್ತಕದಲ್ಲೇ ಇದೆ. ಪಾಠ ಶುರುವಾಗುವ ಮೊದಲೇ ‘ಪ್ರವೇಶ’ ಅಥವಾ ‘ಆಶಯ ಭಾವ’ ಎಂಬ ತಲೆಬರಹದಡಿ ಒಂದು ಪ್ಯಾರಾ ಇರುತ್ತದೆ. ಮುಂದೆ ಓದಲಿರುವ ಕಥೆಯೋ ಪದ್ಯವೋ ಏನನ್ನು ಹೇಳುತ್ತದೆ, ಅದರಿಂದ ನಾವು ಯಾವ ಮೌಲ್ಯವನ್ನು ರೂಢಿಸಿಕೊಳ್ಳಬೇಕು ಎಂದು ಆ ಪ್ಯಾರಾ ತಿಳಿಸಿಬಿಡುತ್ತದೆ. ಮಗು ಪುಟ ತೆರೆಯುವ ಮುಂಚೆಯೇ ತೀರ್ಪು ಕೈಯಲ್ಲಿದೆ. ಆಮೇಲೆ ಅದರ ಓದು ಆ ತೀರ್ಪನ್ನು ಖಚಿತಪಡಿಸುವ ಕೆಲಸವಾಗುತ್ತದೆ. ಅಮೆರಿಕದ ಪೆಟ್ಟಿಗೆ ಮತ್ತು ಚುಕ್ಕೆಗಳಲ್ಲಿ ಮಗು ಕನಿಷ್ಠ ತನ್ನ ವಾದವನ್ನು ತಾನೇ ಆರಿಸಿಕೊಳ್ಳುತ್ತದೆ. ನಮ್ಮಲ್ಲಿ ಅದನ್ನೂ ಪಠ್ಯಪುಸ್ತಕ ಸಮಿತಿಯೇ ಆರಿಸಿ ಕೊಟ್ಟಿದೆ.

ಪಠ್ಯಪುಸ್ತಕ ಸಮಿತಿ ಎಂದ ಕೂಡಲೇ ಒಂದು ಹಳೆಯ ಜಗಳ ನೆನಪಾಗುತ್ತದೆ, ಅದನ್ನು ಇಲ್ಲಿ ಎತ್ತದೆ ಮುಂದೆ ಹೋಗಲಾರೆ. 2022ರಲ್ಲಿ ಕರ್ನಾಟಕದ ಬುದ್ಧಿಜೀವಿಗಳೆಲ್ಲ ಶಾಲೆಯ ಕನ್ನಡ ಪುಸ್ತಕದ ಬಗ್ಗೆ ಬೀದಿಗಿಳಿದು ಮಾತಾಡಿದರು. ಬರಗೂರು ರಾಮಚಂದ್ರಪ್ಪನವರ ಸಮಿತಿ ಮಾಡಿದ್ದ ಪುಸ್ತಕಗಳನ್ನು ರೋಹಿತ್ ಚಕ್ರತೀರ್ಥರ ಸಮಿತಿ ಪರಿಷ್ಕರಿಸಿತು. ಹತ್ತನೆಯ ತರಗತಿಯ ಕನ್ನಡ ಪುಸ್ತಕಕ್ಕೆ ಹೆಡಗೇವಾರ್ ಅವರ ಭಾಷಣ ಸೇರಿತು. ದೇವನೂರ ಮಹಾದೇವ ತಮ್ಮ ಬರಹವನ್ನು ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು, ಬೇರೆ ಲೇಖಕರೂ ಹಾಗೆ ಮಾಡಿದರು. 2023ರಲ್ಲಿ ಸರ್ಕಾರ ಬದಲಾಗಿ ಆ ಭಾಷಣ ಹೊರಗೆ ಹೋಯಿತು. ಯಾವ ಪಾಠ ಒಳಗಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ, ಆ ಹೋರಾಟದಲ್ಲಿ ಯಾರ ಕಡೆಗೆ ನಾನಿದ್ದೆ ಎಂಬುದನ್ನು ಮುಚ್ಚಿಡುವುದೂ ಇಲ್ಲ. ಲೇಖಕರ ನೋವು ನ್ಯಾಯವಾದದ್ದಾಗಿತ್ತು. ಆದರೆ ಆ ಎರಡು ವರ್ಷ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಬಂದ ಮಾತನ್ನೆಲ್ಲ ಓದುತ್ತಾ ಹೋದಾಗ, ಪಾಠ ಓದಿದ ಮೇಲೆ ಮಗು ಏನು ಬರೆಯಬೇಕು ಎಂಬ ಪ್ರಶ್ನೆಯನ್ನು ಯಾವ ಕಡೆಯವರೂ ಕೇಳಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಎರಡೂ ಕಡೆಯವರು ಪಾಠವನ್ನು ಮಗುವಿನೊಳಕ್ಕೆ ಸುರಿಯಬೇಕಾದ ಆಶಯವೆಂದೇ ನಂಬಿದ್ದರು. ಆಶಯ ಯಾವುದೆಂಬುದಷ್ಟೇ ಅವರ ಜಗಳ. ದೇವನೂರರ ಬರಹವನ್ನು ಓದಿಯೂ ಮಗು ಕೊನೆಗೆ ‘ಮಾನವೀಯತೆ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಎಂದು ಬರೆದು ಅಂಕ ಪಡೆಯುವುದಾದರೆ, ಆ ಬರಹ ಪುಸ್ತಕದಲ್ಲಿ ಉಳಿದದ್ದರಿಂದ ಮಗುವಿಗೆ ದಕ್ಕಿದ್ದೇನು? ದೇವನೂರರ ಭಾಷೆ ಮಾಡುವ ಕೆಲಸ ಎಲ್ಲಿ ಹೋಯಿತು?

ನಮ್ಮ ವಿಮರ್ಶಕರ ಮೇಲೆ ನನಗಿರುವ ಆಕ್ಷೇಪವೂ ಇದೇ. ಕನ್ನಡದಲ್ಲಿ ವಿಮರ್ಶೆ ಬಡವಾದುದಲ್ಲ. ತೀ.ನಂ.ಶ್ರೀ. ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಮೇಷ್ಟರೊಬ್ಬರ ತಾಳ್ಮೆಯಿಂದ ಬರೆದರು, ಕುರ್ತಕೋಟಿಯವರಂಥವರು ಒಂದು ಪದ್ಯದ ಮುಂದೆ ಗಂಟೆಗಟ್ಟಲೆ ಕೂರುವುದನ್ನು ನಮಗೆ ಕಲಿಸಿದರು. ಆದರೆ ಆ ಪರಂಪರೆಯ ವಾರಸುದಾರರಾದ ನಾವು ಏಳನೆಯ ತರಗತಿಯ ಉತ್ತರಪತ್ರಿಕೆಯೊಂದನ್ನು ವಿಮರ್ಶೆಗೆ ಯೋಗ್ಯವಾದ ವಸ್ತುವೆಂದು ಎಂದೂ ಎಣಿಸಲಿಲ್ಲ. ಈ ನಾಡಿನ ಬಹುಪಾಲು ಜನ ಸಾಹಿತ್ಯದ ಬಗ್ಗೆ ತಮ್ಮ ಬದುಕಿನಲ್ಲಿ ಬರೆಯುವ ಕೊನೆಯ ವಾಕ್ಯ ಶಾಲೆಯ ಉತ್ತರಪತ್ರಿಕೆಯಲ್ಲಿರುತ್ತದೆ. ಅದನ್ನು ಗೈಡು ಅಚ್ಚುಹಾಕುವವರಿಗೆ ಬಿಟ್ಟುಕೊಟ್ಟೆವು.

ಇನ್ನೊಂದು ಗುಂಪಿನವರ ಮಾತಿಗೂ ಉತ್ತರ ಕೊಡಬೇಕು. ಮಕ್ಕಳು ಸಾಹಿತ್ಯವನ್ನು ಪ್ರೀತಿಸಲಿ ಸಾಕು, ಅನಿಸಿದ್ದನ್ನು ಬರೆಯಲಿ, ಪದ್ಯವನ್ನು ಬಗೆದು ನೋಡುವುದು ಬೇಡ ಎನ್ನುತ್ತಾರೆ ಅವರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. 1938ರಲ್ಲಿ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಷನ್’ ಬರೆದ ಲೂಯಿಸ್ ರೋಸೆನ್‌ಬ್ಲಾಟ್ ಅವರ ಹೆಸರನ್ನೂ ಕೆಲವರು ತರುತ್ತಾರೆ. ಆದರೆ ರೋಸೆನ್‌ಬ್ಲಾಟ್ ಹೇಳಿದ್ದು ಓದುಗ ಮತ್ತು ಕೃತಿಯ ನಡುವಿನ ಕೊಡುಕೊಳ್ಳುವಿಕೆಯ ಬಗ್ಗೆ. ಓದುಗನ ಅನಿಸಿಕೆಯನ್ನು ಮತ್ತೆ ಕೃತಿಯ ಮಾತುಗಳ ಎದುರು ತಂದು ಪರೀಕ್ಷಿಸಬೇಕೆಂಬುದು ಅವರ ವಾದದ ಅರ್ಧ ಭಾಗ. ‘ನನಗೆ ಪುಣ್ಯಕೋಟಿ ಇಷ್ಟ’ ಎಂದು ಬರೆದ ಮಗುವನ್ನು ಅಲ್ಲಿಗೇ ಬಿಟ್ಟುಬಿಡುವುದು ಅದಕ್ಕೆ ಮಾಡುವ ಅನ್ಯಾಯ. ಯಾವ ಮಾತಿನಿಂದ ಇಷ್ಟವಾಯಿತು ಎಂದು ಕೇಳಿದಾಗ ಅದು ಮತ್ತೆ ಪದ್ಯಕ್ಕೆ ಹೋಗುತ್ತದೆ. ಹಾಗೆ ಹೋದ ಮಗುವೇ ಒಮ್ಮೊಮ್ಮೆ, ಹುಲಿ ಸುಮ್ಮನೆ ಬಿಟ್ಟು ಕಳಿಸಬಹುದಿತ್ತಲ್ಲ, ಸಾಯಬೇಕಾಗಿತ್ತೇ ಎಂದು ಕೇಳುತ್ತದೆ. ಹಸಿದದ್ದು ಹುಲಿಯ ತಪ್ಪೇ ಎಂದೂ ಕೇಳುತ್ತದೆ. ‘ಸತ್ಯಕ್ಕೆ ಜಯ’ ಎಂಬ ಒಂದು ಸಾಲಿನಿಂದ ತರಗತಿಯಲ್ಲಿ ಆ ಪ್ರಶ್ನೆಯ ಬಾಯಿ ಮುಚ್ಚಿಸುತ್ತೇವೆ. ಪದ್ಯ ಅದನ್ನು ಮುಚ್ಚಿಲ್ಲ. ಹುಲಿ ಆ ಹಸುವನ್ನು ಒಡಹುಟ್ಟಿದವಳೆಂದು ಕರೆದ ಮೇಲೆಯೇ ಸಾಯುತ್ತದೆ. ಸಂಬಂಧ ಹುಟ್ಟಿದ ಗಳಿಗೆಯಲ್ಲಿ ತಿನ್ನುವ ದಾರಿಯೂ ಬದುಕುವ ದಾರಿಯೂ ಅದಕ್ಕೆ ಮುಚ್ಚಿಹೋದವು ಎಂದು ಬರೆಯಬಹುದು. ಆ ಸಾವು ಬೇಕಿರಲಿಲ್ಲ ಎಂದು ವಾದಿಸಿಯೂ ಬರೆಯಬಹುದು. ಎರಡಕ್ಕೂ ಪದ್ಯದಲ್ಲಿ ನೆಲೆಯಿದೆ.

ಹೀಗೆ ಬರೆಸುವುದಕ್ಕೆ ಮಾದರಿ ನಮ್ಮಲ್ಲೇ ಇದೆ, ಅದನ್ನು ಶಾಲೆಯೊಳಕ್ಕೆ ಕರೆದಿಲ್ಲ ಅಷ್ಟೆ. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಕುಮಾರವ್ಯಾಸನ ಒಂದು ಷಟ್ಪದಿಯನ್ನು ಹಾಡಿ ನಿಲ್ಲಿಸಿದಾಗ ವ್ಯಾಖ್ಯಾನಕಾರ ಅದರ ಒಂದು ಪದಕ್ಕೆ ಬಂದು, ಇದನ್ನೇ ಯಾಕೆ ಹೇಳಿದ, ಇದೇ ಪಾತ್ರ ಹಿಂದೆ ಏನು ಹೇಳಿತ್ತು, ಈಗ ದನಿ ಹೇಗೆ ಬದಲಾಗಿದೆ ಎಂದು ಬಿಡಿಸುತ್ತಾರೆ. ಬಿಡಿಸಿದ ಮೇಲೆ ಮತ್ತೆ ಪದ್ಯಕ್ಕೇ ಮರಳುತ್ತಾರೆ. ಶಿವಮೊಗ್ಗದ ಹೊಸಹಳ್ಳಿ, ಮತ್ತೂರುಗಳಲ್ಲಿ ಇದನ್ನು ಕೇಳುತ್ತಲೇ ಬೆಳೆಯುವ ಮಕ್ಕಳಿದ್ದಾರೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಪ್ರಸಂಗದ ಒಂದು ಪದವನ್ನು ಹಿಡಿದು ಪಾತ್ರದ ಪರವಾಗಿ ವಾದ ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನ ಪರವಾಗಿ ಕಟ್ಟಿದ ವಾದವನ್ನು ಕೇಳಿದವರು ಈಗಲೂ ನೆನೆಯುತ್ತಾರೆ. ಹುಲಿಯ ಪರವಾಗಿ ಅರ್ಧ ಪುಟ ಬರೆ ಎಂದು ಪುತ್ತೂರಿನ ಮಗುವಿಗೆ ಹೇಳಿದರೆ ಅದಕ್ಕೆ ಪೆಟ್ಟಿಗೆಯೂ ಬೇಡ, ಚುಕ್ಕೆಯೂ ಬೇಡ.

ಅರ್ಧ ಪುಟ ಎಂದದ್ದು ಯೋಚಿಸಿಯೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಅಷ್ಟೇ ಮಕ್ಕಳಿದ್ದಾರೆ ಎಂದಿಟ್ಟುಕೊಂಡರೂ ಐದು ಪ್ಯಾರಾದ 35 ಪ್ರಬಂಧಗಳನ್ನು ಓದಿ, ಪ್ರತಿಯೊಂದಕ್ಕೂ ಉಪಯೋಗವಾಗುವ ಒಂದು ಮಾತು ಬರೆಯುವುದು, ಬಿಸಿಯೂಟದ ಲೆಕ್ಕ, ದಾಖಲಾತಿ, ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ನಮೂದುಗಳ ನಡುವೆ ಯಾವ ಮೇಷ್ಟರಿಗೂ ಆಗದು. ಅರ್ಧ ಪುಟವನ್ನು ಓದಬಹುದು. ವಾರಕ್ಕೆ ಒಂದು ವಾಕ್ಯ ಕೊಡಲಿ. ಮನೋಜ್ಞ, ಅದ್ಭುತ, ಹೃದಯಸ್ಪರ್ಶಿ ಎಂಬ ಪದಗಳನ್ನು ಆ ಅರ್ಧ ಪುಟದಲ್ಲಿ ಬಳಸಬಾರದೆಂದು ಹೇಳಲಿ. ಈ ಮಾತು ಇಲ್ಲಿ ಯಾಕೆ ಬಂತು, ಇದೇ ಪಾಠದ ಬೇರೆ ಯಾವ ಮಾತಿನ ಜೊತೆ ಇದು ಸೇರುತ್ತದೆ ಅಥವಾ ಜಗಳವಾಡುತ್ತದೆ ಎಂದು ಕೇಳಲಿ. ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಒಂದೇ ಪಾಠದ ಬಗ್ಗೆ ಬರೆದ ಇಂಥ ಮೂರು ನಾಲ್ಕು ಅರ್ಧ ಪುಟಗಳನ್ನು ಮಗು ತಾನೇ ಜೋಡಿಸಲು ತೊಡಗುತ್ತದೆ, ಜೋಡಿಸುವಾಗ ಅದಕ್ಕೆ ವಾದವೊಂದು ಬೇಕಾಗುತ್ತದೆ. ಪೀಠಿಕೆ, ಉಪಸಂಹಾರಗಳನ್ನು ಆಗ ಕಲಿಸಬಹುದು.

ಅಂಕದ ಹಂಚಿಕೆ ಬದಲಾಗದೆ ಇದು ಯಾವುದೂ ಒಂದು ಸೆಮಿಸ್ಟರಿಗಿಂತ ಹೆಚ್ಚು ಬಾಳುವುದಿಲ್ಲ ಎಂಬುದು ನನಗೂ ಗೊತ್ತು. ಮೂರರಲ್ಲಿ ಎರಡು ಅಂಕ ಸ್ವಾರಸ್ಯಕ್ಕೆ, ಉಳಿದ ಒಂದು ಆಯ್ಕೆ, ಸಂದರ್ಭ ಎರಡಕ್ಕೂ ಸೇರಿ ಇರಬೇಕು. ಮಾದರಿ ಉತ್ತರದಲ್ಲಿ ಸ್ವಾರಸ್ಯದ ಜಾಗದಲ್ಲಿ ಸಿದ್ಧ ವಾಕ್ಯವನ್ನು ತೆಗೆದು, ಪಾಠದ ಮಾತನ್ನು ಆಧರಿಸಿದ ಯಾವುದೇ ವಿವರಣೆಯನ್ನು ಒಪ್ಪಬೇಕೆಂಬ ಸೂಚನೆ ಬರಬೇಕು. ‘ಆಶಯ ಭಾವ’ದ ಪ್ಯಾರಾವನ್ನು ಪಾಠದ ಮುಂದಿನಿಂದ ತೆಗೆದು ಅಭ್ಯಾಸದ ಕೊನೆಯಲ್ಲಿ ಹಾಕಿ, ಇದನ್ನು ನೀವು ಒಪ್ಪುತ್ತೀರಾ, ಪಾಠದ ಯಾವ ಮಾತಿನಿಂದ ಒಪ್ಪುತ್ತೀರಿ ಅಥವಾ ಒಪ್ಪುವುದಿಲ್ಲ ಎಂದು ಕೇಳಬೇಕು. ಇದಕ್ಕೆ ಹೊಸ ಪುಸ್ತಕವೂ ಬೇಡ, ಹೊಸ ಸಮಿತಿಯೂ ಬೇಡ. ಮುಂದಿನ ಮುದ್ರಣದಲ್ಲಿ ಒಂದು ಪ್ಯಾರಾದ ಸ್ಥಾನ ಬದಲಿಸಿದರೆ ಆಯಿತು.